ಚಫ್ ಎಂಬ ಕೆಂಪು ಕೊಕ್ಕಿನ ಕಾಗೆ: ಉಣಕಲ್ ದಂಡೆಯಲ್ಲಿ ಅಭ್ಯಾಸ, ಲಡಾಖಿನಲ್ಲಿ ಗುರುತು

ಚಫ್ ಹಕ್ಕಿಯ ಚಿತ್ರ ನೋಡಿದವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಮೈಯೆಲ್ಲ ಕಪ್ಪು, ಕೊಕ್ಕು ಕೆಂಪು, ಕಾಲು ಕೆಂಪು, ಇದರಲ್ಲಿ ಕಲಿಯುವುದೇನಿದೆ? ಪುಸ್ತಕದ ಪುಟದಲ್ಲಿ ಆ ಮಾತು ಸರಿ. ಲಡಾಖಿನ ಬೆಟ್ಟದ ನೆತ್ತಿಯಲ್ಲಿ, ಬೆಳ್ಳಗೆ ಉರಿಯುವ ಆಕಾಶಕ್ಕೆ ಎದುರಾಗಿ ಅದು ಹಾರುವಾಗ ಕೆಂಪು ಕಾಣುವುದಿಲ್ಲ. ಕೊಕ್ಕೂ ಕಪ್ಪು, ಕಾಲೂ ಕಪ್ಪು. ಅಲ್ಲೇ ಪಕ್ಕದಲ್ಲಿ ಹಳದಿ ಕೊಕ್ಕಿನ ಅದರ ದಾಯಾದಿಯೂ ಹಾರುತ್ತಿರುತ್ತದೆ, ಅದೂ ಕಪ್ಪಾಗಿಯೇ ಕಾಣುತ್ತದೆ. ಮೊದಲು ಕಿವಿಗೆ ಬೀಳುವುದು ಕೂಗು, ಆಮೇಲೆ ಕಣ್ಣಿಗೆ ಬೀಳುವುದು ರೆಕ್ಕೆಯ ಆಕಾರ, ಕೊನೆಗೆ ಎಲ್ಲೋ ಒಮ್ಮೆ ಕೆಂಪು. ಕಲಿಯುವುದನ್ನೂ ಇದೇ ಕ್ರಮದಲ್ಲಿ ಕಲಿಯಬೇಕು. ಅದಕ್ಕೆ ಬೇಕಾದ ಪಾಠವೆಲ್ಲ ಹುಬ್ಬಳ್ಳಿ-ಧಾರವಾಡದ ಕಾಗೆಗಳ ಹತ್ತಿರವೇ ಇದೆ. ವಿಮಾನದ ಟಿಕೆಟ್ ತೆಗೆಸುವ ಮೊದಲು ಎರಡು ವಾರ ಊರ ಕಾಗೆ ನೋಡಿದವರು ಅಲ್ಲಿ ಹೋಗಿ ತಡವರಿಸುವುದಿಲ್ಲ.

ಚಫ್ ನಮ್ಮ ಸೀಮೆಯ ಹಕ್ಕಿಯಲ್ಲ, ಹಾಗಾಗಿ ಆಡುಮಾತಿನ ಹೆಸರೂ ನಮ್ಮಲ್ಲಿಲ್ಲ. ಕಾಗೆ ಕುಟುಂಬದ್ದೇ, ಗಾತ್ರದಲ್ಲಿ ನಮ್ಮ ಊರ ಕಾಗೆಗೆ ಸಮ: ಉದ್ದ ಸುಮಾರು 40 ಸೆಂ.ಮೀ., ತೂಕ 300 ಗ್ರಾಂ ಆಸುಪಾಸು. ರೆಕ್ಕೆ ಬಿಚ್ಚಿದರೆ 73ರಿಂದ 90 ಸೆಂ.ಮೀ. ಅಗಲ. ಕೊಕ್ಕು ತೆಳ್ಳಗೆ, ಉದ್ದಕ್ಕೆ, ಕೆಳಕ್ಕೆ ಬಾಗಿದ್ದು. ಬಣ್ಣ ಹೇಳಬೇಕೆಂದರೆ, ಒಣಗಿ ಸುಕ್ಕಾದ ಬ್ಯಾಡಗಿ ಮೆಣಸಿನಕಾಯಿಯ ಕಂದುಗೆಂಪಲ್ಲ. ಕೆಂಪು ಚಟ್ನಿಗೆ ತರುವ ಹಣ್ಣು ಮೆಣಸಿನಕಾಯಿ ನೆನೆಸಿಕೊಳ್ಳಿ, ಗಿಡದಲ್ಲೇ ಕೆಂಪಾಗಿ ಮಿರಿಮಿರಿ ಮಿಂಚುವುದು. ಅದೇ ಹೊಳಪು, ಹೆಚ್ಚುಕಡಿಮೆ ಅದೇ ಬಾಗು. ಮೈಯ ಕಪ್ಪಿನಲ್ಲೂ ಎಣ್ಣೆ ಸವರಿದಂಥ ನೀಲಿ-ಹಸಿರು ಮಿಂಚಿದೆ. ಊರ ಕಾಗೆಗಿರುವ ಬೂದು ಕೊರಳು ಇದಕ್ಕಿಲ್ಲ.

ಬ್ರಿಟನ್, ಐರ್ಲೆಂಡ್ ಕಡೆಯ ಪುಸ್ತಕಗಳಲ್ಲಿ ಇದು ಕಡಲ ಬಂಡೆಯ ಹಕ್ಕಿ. ನಮ್ಮ ದೇಶದಲ್ಲಿ ಹಿಮಾಲಯದ ಹಕ್ಕಿ. ಎರಡೂ ನಿಜ. ಇದಕ್ಕೆ ಬೇಕಾದದ್ದು ಎರಡೇ: ಗೂಡಿಗೆ ಕಡಿದಾದ ಬಂಡೆಯ ಸಂದು ಅಥವಾ ಗವಿ, ಹೊಟ್ಟೆಗೆ ದನ-ಕುರಿ ಮೇದು ಗಿಡ್ಡಾದ ಹುಲ್ಲು. ಬ್ರಿಟನ್ನಿನ ಪಶ್ಚಿಮ ಕಡಲಂಚಿನಲ್ಲಿ ಇವೆರಡೂ ಒಟ್ಟಿಗೆ ಸಿಗುತ್ತವೆ, ಚಳಿಗಾಲದಲ್ಲಿ ನೆಲ ಗಟ್ಟಿಯಾಗಿ ಹೆಪ್ಪುಗಟ್ಟುವುದೂ ಕಡಿಮೆ. ನಮ್ಮಲ್ಲಿ ಎರಡೂ ಸಿಗುವುದು ಲಡಾಖ್, ಸ್ಪಿತಿಯಂಥ ಕಡೆ. ಆದ್ದರಿಂದ 'ಕಡಲ ಹಕ್ಕಿ' ಎಂಬ ಮಾತು ಓದಿ ಗೋಕರ್ಣ, ಕಾರವಾರದ ಬಂಡೆಗಳ ಮೇಲೆ ಹುಡುಕಬೇಡಿ.

ಮೊದಲ ಪಾಠ: ಬೆಳಕಿಗೆ ಎದುರಾಗಿ ನಿಲ್ಲುವುದು

ಹಕ್ಕಿ ನೋಡುವವರು ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡು ನಿಲ್ಲುತ್ತಾರೆ, ಬಣ್ಣ ಚೆನ್ನಾಗಿ ಕಾಣಲಿ ಎಂದು. ಈ ಅಭ್ಯಾಸಕ್ಕೆ ಅದರ ಉಲ್ಟಾ ಮಾಡಿ. ಉಣಕಲ್ ಕೆರೆ, ಕೆಲಗೇರಿ ಕೆರೆ, ಹಾವೇರಿಯ ಹೆಗ್ಗೇರಿ, ಯಾವುದು ಹತ್ತಿರವೋ ಅಲ್ಲಿ, ಸಂಜೆ 5ರ ನಂತರ, ಮುಳುಗುವ ಸೂರ್ಯ ಎದುರಿಗೆ ಬರುವಂತೆ ನಿಲ್ಲಿ. ದುರ್ಬೀನು ನೇರ ಸೂರ್ಯನತ್ತ ತಿರುಗಬಾರದು, ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಸೂರ್ಯನಿಂದ ಪಕ್ಕಕ್ಕೆ ಸಾಕಷ್ಟು ದೂರದ ಆಕಾಶ ನೋಡಿ. ಆ ಹೊತ್ತಿಗೆ ಕಾಗೆಗಳು ರಾತ್ರಿ ತಂಗುವ ಮರದ ಕಡೆ ಸಾಲುಸಾಲಾಗಿ ಹೋಗುತ್ತಿರುತ್ತವೆ. ಎಲ್ಲವೂ ಕಪ್ಪು ನೆರಳು. ಬೂದು ಕೊರಳು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ದುರ್ಬೀನು 8x42 ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಹೆಚ್ಚು ಪಟ್ಟಿನದು ಒಳ್ಳೆಯದೆಂದು 12 ಅಥವಾ 16ರದ್ದು ಕೊಂಡರೆ ಎರಡು ತೊಂದರೆ: ಕೈ ನಡುಗುವುದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲ ಕಿರಿದಾಗಿ ಹಾರುವ ಹಕ್ಕಿ ಗಾಜಿನೊಳಗೆ ಸಿಗುವುದೇ ಇಲ್ಲ. ಬೆಟ್ಟದ ಗಾಳಿಯಲ್ಲಂತೂ ಅದು ಕೊರಳಿಗೆ ಭಾರ ಮಾತ್ರ.

ಒಂದು ಕಾಗೆಯನ್ನು ಆರಿಸಿಕೊಂಡು ಈ ಸಂಗತಿಗಳನ್ನು ನೋಡಿ, ಚೀಟಿಯಲ್ಲಿ ಬರೆಯಿರಿ.

ಬಿಚ್ಚಿದ ರೆಕ್ಕೆಯ ತುದಿಯಲ್ಲಿ ಗರಿಗಳು ಬೆರಳಿನಂತೆ ಬೇರೆಬೇರೆಯಾಗಿ ಕಾಣುತ್ತವೆಯೇ, ಎಷ್ಟು ಆಳಕ್ಕೆ? ರೆಕ್ಕೆಯ ಮುಂದಿನ ಅಂಚು, ಹಿಂದಿನ ಅಂಚು ಸಮಾನಾಂತರವೋ, ತುದಿಗೆ ಹೋಗುತ್ತ ಕಿರಿದಾಗುತ್ತದೋ? ಬಾಲದ ತುದಿ ಚೌಕವೋ, ದುಂಡೋ? 10 ಸೆಕೆಂಡಿನಲ್ಲಿ ಎಷ್ಟು ಸಲ ರೆಕ್ಕೆ ಬಡಿಯಿತು, ನಡುವೆ ಬಡಿಯದೆ ಜಾರಿದ್ದುಂಟೇ? ಕಂಬದ ಮೇಲೆ ಕೂತಾಗ ಮಡಚಿದ ರೆಕ್ಕೆಯ ತುದಿ ಬಾಲದ ತುದಿಯನ್ನು ಮುಟ್ಟುತ್ತದೋ, ಹಿಂದೆಯೇ ನಿಲ್ಲುತ್ತದೋ? ಕೊಕ್ಕಿನ ಉದ್ದವನ್ನು ತಲೆಯ ಉದ್ದಕ್ಕೆ ಹೋಲಿಸಿದರೆ ಎಷ್ಟು?

ಕೊನೆಯ ಎರಡು ಪ್ರಶ್ನೆ ಈಗ ಬೇಸರ ಬರಿಸಬಹುದು. ಕೆಂಪು ಕೊಕ್ಕಿನ ಚಫ್ ಮತ್ತು ಹಳದಿ ಕೊಕ್ಕಿನ ಚಫ್ ನಡುವೆ ಬೆಳಕಿಲ್ಲದಾಗ ತೀರ್ಪು ಕೊಡುವುದು ಅವೆರಡೇ. ಊರ ಕಾಗೆ ಕೂತಾಗ ಬಾಲ ರೆಕ್ಕೆಯ ತುದಿಯನ್ನು ದಾಟಿ ಚಾಚಿರುತ್ತದೆ; ಆ ಚಾಚು ಎಷ್ಟೆಂದು ಕಣ್ಣಿಗೆ ರೂಢಿಯಾಗಲಿ.

ಊರ ಕಾಗೆಯ ನಂತರ ಕಾಡು ಕಾಗೆ. ಕಲಘಟಗಿ, ಅಳ್ನಾವರದ ಕಡೆ ಹೋದರೆ ಚೆನ್ನಾಗಿ ಸಿಗುತ್ತದೆ, ಊರೊಳಗೂ ದೊಡ್ಡ ಮರಗಳಿರುವಲ್ಲಿ ಬರುತ್ತದೆ. ಪೂರ್ತಿ ಕಪ್ಪು, ಮೈ ದೊಡ್ಡದು, ಕೊಕ್ಕು ದಪ್ಪ ಮತ್ತು ಮೇಲ್ಭಾಗ ಕಮಾನಿನಂತೆ ಉಬ್ಬಿದ್ದು. ಕೂಗು ಊರ ಕಾಗೆಗಿಂತ ಆಳ, ಒರಟು. ಎರಡರ ಕೂಗನ್ನು ಕಣ್ಣು ಮುಚ್ಚಿ ಬೇರ್ಪಡಿಸುವಷ್ಟು ಕಿವಿ ಪಳಗಿದರೆ ಚಫ್‌ನ ಕೂಗು ತಾನಾಗಿ ಎದ್ದು ಕೇಳುತ್ತದೆ.

ಗಾಳಿಯಲ್ಲಿ ತೇಲುವುದನ್ನು ಕಲಿಯಲು ಕಾಗೆ ಸಾಲದು, ಹದ್ದು ನೋಡಬೇಕು. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ಅಥವಾ ಗದಗಿನ ಕಪ್ಪತಗುಡ್ಡದ ಏಣಿನ ಮೇಲೆ ನಿಂತರೆ, ಇಳಿಜಾರಿಗೆ ಬಡಿದ ಗಾಳಿ ಮೇಲಕ್ಕೇಳುವಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ನಿಂತಂತೆ ತೇಲುವುದು ಕಾಣುತ್ತದೆ. ರೆಕ್ಕೆಯ ತುದಿಯ ಬೆರಳುಗಳು ಆಗ ಸ್ಪಷ್ಟ. ಚಫ್ ಹಾರುವಾಗಲೂ ಅಂಥ ಬೆರಳುಗಳೇ, ಅದೇ ಗಾಳಿಯ ಸವಾರಿ. ಹದ್ದು ಮಾಡದ ಒಂದು ಆಟ ಮಾತ್ರ ಅದಕ್ಕುಂಟು: ತೇಲುತ್ತ ತೇಲುತ್ತ ರೆಕ್ಕೆಯನ್ನು ಪೂರ್ತಿ ಮಡಚಿ ಕಲ್ಲು ಬಿದ್ದಂತೆ ಕೆಳಗೆ ಬಿದ್ದು, ಬಂಡೆಗೆ ಅಪ್ಪಳಿಸಿತೆನ್ನುವಾಗ ರೆಕ್ಕೆ ಬಿಚ್ಚಿ ಮತ್ತೆ ಮೇಲಕ್ಕೆ ಚಿಮ್ಮುವುದು. ಜೋಡಿಯಾಗಿ, ಗುಂಪಾಗಿ ಇದನ್ನು ಮಾಡುತ್ತಲೇ ಇರುತ್ತವೆ. ಕಾಗೆ ಜಾತಿಯಲ್ಲಿ ಇಷ್ಟು ಸೊಗಸಾಗಿ ಹಾರುವ ಹಕ್ಕಿ ಇನ್ನೊಂದಿಲ್ಲ ಎಂದರೆ ಹೆಚ್ಚಲ್ಲ.

ಇನ್ನೊಂದು ಗುರು ನೆಲದ ಮೇಲೆ ಓಡಾಡುವ ಚಂದ್ರಮುಕುಟ. ಕಾಲೇಜಿನ ಮೈದಾನ, ಗಿಡ್ಡ ಹುಲ್ಲಿನ ಅಂಗಳದಲ್ಲಿ ಅದು ಬಾಗಿದ ಕೊಕ್ಕನ್ನು ಮಣ್ಣಿಗೆ ಚುಚ್ಚಿ, ಸ್ವಲ್ಪ ತಿರುವಿ, ಹುಳ ಎಳೆದು ತೆಗೆಯುತ್ತದೆ. ಚಫ್ ಮೇಯುವುದೂ ಹೀಗೆಯೇ: ಚುಚ್ಚುತ್ತದೆ, ಕೆದರುತ್ತದೆ, ಹೆಂಡಿ ಮಗುಚಿ ಅಡಿಯ ಹುಳ ತಿನ್ನುತ್ತದೆ, ಇರುವೆ ಗೂಡು ಬಗೆಯುತ್ತದೆ. ಈ ಹೋಲಿಕೆ ಎಷ್ಟು ಗಟ್ಟಿಯೆಂದರೆ, 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ಚಫ್‌ಗೆ ವೈಜ್ಞಾನಿಕ ಹೆಸರಿಡುವಾಗ ಅದನ್ನು ಕಾಗೆಯ ಜೊತೆ ಸೇರಿಸದೆ ಚಂದ್ರಮುಕುಟದ ಜಾತಿಯಾದ ಉಪುಪಾದಲ್ಲಿ ಸೇರಿಸಿದ. ಆಮೇಲೆ ಅದು ತಿದ್ದುಪಡಿಯಾಗಿ ಈಗ ಪಿರೋಕೊರಾಕ್ಸ್ ಎಂಬ ಜಾತಿ. ಆ ಪದ ಗ್ರೀಕ್ ಮೂಲದ್ದು, ಬೆಂಕಿ ಬಣ್ಣದ ಕಾಗೆ ಎಂಬರ್ಥ.

ಇಲ್ಲೇ ಮೋಸಹೋಗುವ ಹಕ್ಕಿಗಳು

ಕೆಂಪು ಕಾಲಿನ ಕಪ್ಪು ಹಕ್ಕಿ ನಮ್ಮ ಹೊಲದಲ್ಲೇ ಕಂಡಿತು, ಚಫ್ ಇಲ್ಲಿಗೂ ಬಂದಿದೆ ಎನ್ನುವವರು ನೋಡಿರುವುದು ಬಹುಮಟ್ಟಿಗೆ ಕರಿ ಕೆಂಬರಲು. ಗದಗ, ನವಲಗುಂದ, ನರಗುಂದದ ಎರೆ ಹೊಲಗಳಲ್ಲಿ ಜೋಡಿಯಾಗಿಯೋ ನಾಲ್ಕೈದರ ಗುಂಪಾಗಿಯೋ ನಡೆಯುತ್ತಿರುತ್ತದೆ. ಕಪ್ಪು ಮೈ, ಇಟ್ಟಿಗೆಗೆಂಪು ಕಾಲು, ಕುಡಗೋಲಿನಂತೆ ಬಾಗಿದ ಉದ್ದ ಕೊಕ್ಕು. ಮಾತಿನಲ್ಲಿ ಹೇಳಿದರೆ ಚಫ್‌ನ ವರ್ಣನೆಯೇ. ಆದರೆ ಎತ್ತರ ನೋಡಿ: ಉದ್ದ ಕೊರಳು, ಉದ್ದ ಕಾಲು, ಮೈ 60 ಸೆಂ.ಮೀ. ಮೀರಿದ್ದು. ಕೊಕ್ಕಿಗೆ ಕೆಂಪಿಲ್ಲ, ಬೂದುಗಪ್ಪು. ಕೆಂಪಿರುವುದು ಹಿಂದಲೆಯ ಗರಿಯಿಲ್ಲದ ಗಂಟುಗಂಟು ಚರ್ಮದಲ್ಲಿ. ಹೆಗಲ ಹತ್ತಿರ ಒಂದು ಬಿಳಿ ಮಚ್ಚೆ. ಹಾರುವಾಗ ಕೊರಳನ್ನು ಮುಂದಕ್ಕೆ ಚಾಚುತ್ತದೆ. ಕಾಗೆಯ ಜಾತಿಯ ಯಾವ ಹಕ್ಕಿಗೂ ಅಷ್ಟು ಕೊರಳಿಲ್ಲ.

ಕೆಂಬೂತ ಬೇಲಿ, ಕಂಟಿಯೊಳಗೆ ಓಡಾಡುವ ಕಪ್ಪು ಹಕ್ಕಿ. ಅದಕ್ಕೆ ಕೆಂಪಿರುವುದು ಕಣ್ಣು, ಕಂದುಗೆಂಪಿರುವುದು ರೆಕ್ಕೆ. ಗಂಡು ಕೋಗಿಲೆಯ ಕಣ್ಣೂ ಕೆಂಪು, ಕೊಕ್ಕು ತಿಳಿ ಹಸಿರು. ಮಟಪಕ್ಷಿ ಕಾಗೆ ಕುಟುಂಬದ್ದೇ, ಆದರೆ ಕಂದು ಮೈ ಮತ್ತು ಉದ್ದ ಬಾಲ ಇರುವುದರಿಂದ ಗೊಂದಲಕ್ಕೆ ಜಾಗವಿಲ್ಲ.

ಮಳೆಗಾಲದ ಹಿಂದು-ಮುಂದು ಊರ ಕಾಗೆಯ ಮರಿಗಳು ಗೂಡಿನಿಂದ ಹೊರಬಂದಾಗ ಬಾಯಿ ಅಗಲಿಸಿ ಕೂಗುತ್ತವೆ, ಒಳಗೆಲ್ಲ ಕೆಂಪು. ಕೊಕ್ಕಿನ ಬುಡದ ಅಂಚೂ ಗುಲಾಬಿ ಬಣ್ಣ. ಮೊಬೈಲಿನಲ್ಲಿ ದೂರದಿಂದ ಹೊಡೆದ ಫೋಟೋದಲ್ಲಿ ಅದು ಕೆಂಪು ಕೊಕ್ಕಿನಂತೆ ಮೂಡುತ್ತದೆ. ಬಾಯಿ ಮುಚ್ಚುವವರೆಗೆ ಕಾದು ಇನ್ನೊಂದು ಫೋಟೋ ತೆಗೆದರೆ ಸಂಶಯ ಹೋಯಿತು. ಬಣ್ಣಗೇಡಿನಿಂದ ಬಿಳಿಯಾಗಿ ಹುಟ್ಟುವ ಕಾಗೆಗಳಿಗೂ ಕೊಕ್ಕು, ಕಾಲು ಗುಲಾಬಿಯಾಗಿರಬಹುದು. ಆದರೆ ಅಲ್ಲಿ ಗರಿಯೇ ಕಪ್ಪಿರುವುದಿಲ್ಲ.

ಕಾರವಾರದ ಕಡೆ ಚಳಿಗಾಲದಲ್ಲಿ ಕೆಂಪು ಕೊಕ್ಕಿನ ಕಪ್ಪು-ಬಿಳಿ ಹಕ್ಕಿ ತೆರೆಯಂಚಿನಲ್ಲಿ ಕಂಡರೆ ಅದು ಆಯ್‌ಸ್ಟರ್‌ಕ್ಯಾಚರ್, ಚಿಪ್ಪು ಒಡೆದು ತಿನ್ನುವ ವಲಸೆ ಹಕ್ಕಿ. ಅದರ ಕೊಕ್ಕು ನೇರ, ಹೊಟ್ಟೆ ಬಿಳಿ.

ಬೆಟ್ಟದ ಮೇಲೆ: ಕಿವಿ, ಆಕಾರ, ಆಮೇಲೆ ಬಣ್ಣ

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಧಾರವಾಡಕ್ಕಿಂತ ಸುಮಾರು 2,800 ಮೀಟರ್ ಮೇಲೆ. ಮೊದಲ ಎರಡು ದಿನ ಏರು ಹತ್ತಬೇಡಿ, ಉಸಿರು ಹೊಂದಿಕೊಳ್ಳಲಿ. ಆ ಎರಡು ದಿನವೂ ವ್ಯರ್ಥವಾಗುವುದಿಲ್ಲ. ಚಫ್‌ಗಳು ಊರ ಅಂಚಿನ ಜವೆಗೋಧಿ ಹೊಲಗಳಿಗೆ, ಬೆಟ್ಟಕ್ಕೆ ಅಂಟಿಕೊಂಡ ಬೌದ್ಧ ಮಠಗಳ ಗೋಡೆಗಳಿಗೆ ತಾವೇ ಬರುತ್ತವೆ. ಹಳೆಯ ಕಟ್ಟಡದ ಗೋಡೆಯ ಬಿರುಕು ಅವಕ್ಕೆ ಬಂಡೆಯ ಸಂದಿನಂತೆಯೇ. ಕೂತ ಜಾಗದಿಂದಲೇ, ಬೆಳಿಗ್ಗೆ 6ರಿಂದ 8ರೊಳಗೆ, ಬೇಕಾದಷ್ಟು ನೋಡಬಹುದು. ಮಧ್ಯಾಹ್ನ ಬಿಸಿಲೇರಿದ ಮೇಲೆ ಗಾಳಿಯ ಬಲ ಹಿಡಿದು ಎತ್ತರಕ್ಕೆ ಹೋಗುತ್ತವೆ, ಆಗ ಬರೀ ಚುಕ್ಕೆ.

ಮೊದಲು ಕಿವಿ. ಕೆಂಪು ಕೊಕ್ಕಿನ ಚಫ್ 'ಚೀ-ಆಂವ್' ಎನ್ನುತ್ತದೆ. ಮೊದಲರ್ಧ ಚೂಪಾಗಿ ಸಿಡಿದು, ಉಳಿದರ್ಧ ಕೆಳಗೆ ಜಾರುತ್ತದೆ. ಕಲ್ಲಿನ ಕಣಿವೆಯಲ್ಲಿ ಅದು ಪ್ರತಿಧ್ವನಿಸಿ ಎರಡು ಕಡೆಯಿಂದ ಬಂದಂತೆ ಕೇಳುತ್ತದೆ, ಆದ್ದರಿಂದ ಸದ್ದು ಬಂದ ದಿಕ್ಕಿಗೆ ತಕ್ಷಣ ದುರ್ಬೀನು ಎತ್ತದೆ ಬರಿಗಣ್ಣಿನಲ್ಲಿ ಆಕಾಶ ಹುಡುಕಿ. ಕಾಗೆಯ 'ಕಾ'ದಲ್ಲಿ ಇರುವ ಕರಕರ ಒರಟು ಇದರಲ್ಲಿಲ್ಲ. ಹಳದಿ ಕೊಕ್ಕಿನ ಚಫ್‌ನ ಕೂಗು ಬೇರೆಯೇ: 'ಪ್ರೀಪ್' ಎಂದು ನೀರು ತುಳುಕಿದಂತೆ, ಜೊತೆಗೆ ಸಿಳ್ಳಿನಂಥ ಎಳೆದ ದನಿ. ಒಮ್ಮೆ ಎರಡನ್ನೂ ಕೇಳಿದವರು ಮತ್ತೆ ಮರೆಯುವುದು ಕಡಿಮೆ.

ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್ ಬಳಸುವವರು ಆ ಪ್ರದೇಶದ ಹಕ್ಕಿಗಳ ಕಡತವನ್ನು ಹುಬ್ಬಳ್ಳಿಯಲ್ಲಿರುವಾಗಲೇ ಇಳಿಸಿಕೊಳ್ಳಿ, ಕಣಿವೆಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಗಾಳಿ ಮೈಕಿಗೆ ಬಡಿದರೆ ಆ್ಯಪ್ ಏನನ್ನೂ ಹಿಡಿಯುವುದಿಲ್ಲ. ಬಂಡೆ ಅಥವಾ ಗೋಡೆಯ ಮರೆಗೆ ನಿಂತು, ಗಾಳಿಗೆ ಬೆನ್ನು ಮಾಡಿ, ಫೋನಿನ ಮೈಕಿನ ಮೇಲೆ ತೆಳು ಬಟ್ಟೆಯ ಒಂದು ಪದರ ಹಿಡಿದು 30 ಸೆಕೆಂಡು ಧ್ವನಿ ತೆಗೆಯಿರಿ. ಅದು ತೋರಿಸಿದ ಹೆಸರನ್ನೇ ಕೊನೆಯ ಮಾತೆಂದು ಬರೆದುಕೊಳ್ಳಬಾರದು, ಆಕಾರವೂ ಹೊಂದಬೇಕು.

ಎರಡನೆಯದು ಆಕಾರ. ಕೆಂಪು ಕೊಕ್ಕಿನದರ ರೆಕ್ಕೆ ಹಲಗೆಯಂತೆ: ಅಗಲ, ಆಯತಾಕಾರ, ಮುಂದಿನ-ಹಿಂದಿನ ಅಂಚು ಹೆಚ್ಚುಕಡಿಮೆ ಸಮಾನಾಂತರ, ತುದಿಯ ಬೆರಳುಗಳು ಆಳವಾಗಿ ಬಿಡಿಸಿಕೊಂಡಿರುತ್ತವೆ. ಬಾಲ ಗಿಡ್ಡ, ತುದಿ ಚೌಕ. ಹಳದಿ ಕೊಕ್ಕಿನದರ ರೆಕ್ಕೆ ಅಷ್ಟು ಆಯತವಲ್ಲ, ಬೆರಳು ಅಷ್ಟು ಆಳವಲ್ಲ, ಬಾಲ ಉದ್ದ ಮತ್ತು ದುಂಡು. ತಲೆಯ ಮೇಲೆಯೇ ಹಾರುತ್ತಿದ್ದರೆ ಬಾಲದ ಉದ್ದವನ್ನು ರೆಕ್ಕೆಯ ಅಗಲಕ್ಕೆ ಹೋಲಿಸಿ. ಬಾಲ ರೆಕ್ಕೆಯ ಅಗಲಕ್ಕಿಂತ ಉದ್ದವಾಗಿ ಕಂಡರೆ ಹಳದಿಯ ಕಡೆಗೆ ವಾಲಿ.

ಕೂತ ಹಕ್ಕಿಯಲ್ಲಿ ಇದು ಇನ್ನೂ ಸುಲಭ. ಕೆಂಪು ಕೊಕ್ಕಿನದು ಕೂತಾಗ ಮಡಚಿದ ರೆಕ್ಕೆಯ ತುದಿ ಬಾಲದ ತುದಿಯವರೆಗೂ ಬರುತ್ತದೆ. ಹಳದಿಯದರಲ್ಲಿ ಬಾಲ ರೆಕ್ಕೆಯನ್ನು ದಾಟಿ ಚಾಚಿಕೊಂಡಿರುತ್ತದೆ, ನಮ್ಮ ಕಂಬದ ಮೇಲಿನ ಕಾಗೆಯಂತೆ. ಊರಲ್ಲಿ ಬರೆದುಕೊಂಡ ಚೀಟಿ ಈಗ ಕೆಲಸಕ್ಕೆ ಬಂತು.

ಬಣ್ಣ ಕೊನೆಗೆ. ಕಾಲು ನೋಡಿ ಎರಡನ್ನೂ ಬೇರ್ಪಡಿಸಲು ಹೋಗಬೇಡಿ. ಹಳದಿ ಕೊಕ್ಕಿನ ಚಫ್‌ಗೂ ಕಾಲು ಕೆಂಪೇ. ತಪ್ಪು ಆಗುವುದು ಹೆಚ್ಚಾಗಿ ಇಲ್ಲಿಯೇ: ಹಾರಿ ಇಳಿಯುವಾಗ ಕೆಂಪು ಕಾಲು ಕಂಡಿತು, ಕೊಕ್ಕು ಕಾಣಲಿಲ್ಲ, ಕೆಂಪು ಕೊಕ್ಕಿನದೆಂದು ಬರೆದಾಯಿತು. ಕೊಕ್ಕೇ ಕಾಣಬೇಕು. ಕೆಂಪು, ಉದ್ದ, ಬಾಗಿದ್ದಾದರೆ ಒಂದು. ಹಳದಿ, ಗಿಡ್ಡ, ಬಾಗು ಕಡಿಮೆಯಾದರೆ ಇನ್ನೊಂದು. ಎತ್ತರವನ್ನು ನೋಡಿಯೂ ತೀರ್ಮಾನಿಸುವಂತಿಲ್ಲ. ಹಳದಿಯದು ಸಾಮಾನ್ಯವಾಗಿ ಇನ್ನೂ ಎತ್ತರದ ಹಕ್ಕಿ ನಿಜ, ಎವರೆಸ್ಟ್ ಏರುವವರ ಹಿಂದೆ 8,200 ಮೀಟರಿನವರೆಗೂ ಕಂಡಿದೆ. ಆದರೆ ಕೆಂಪಿನದೂ 7,950 ಮೀಟರಿನಲ್ಲಿ ದಾಖಲಾಗಿದೆ. ನಡುವಿನ ಎತ್ತರಗಳಲ್ಲಿ ಎರಡೂ ಒಂದೇ ಗುಂಪಿನಲ್ಲಿ ಮೇಯುತ್ತವೆ. ಗುಂಪಿನಲ್ಲಿ ಒಂದನ್ನು ನೋಡಿ ಐವತ್ತಕ್ಕೂ ಅದೇ ಹೆಸರು ಬರೆಯುವುದು ದೊಡ್ಡ ತಪ್ಪು. ಒಂದು ತುದಿಯಿಂದ ಇನ್ನೊಂದು ತುದಿಗೆ ದುರ್ಬೀನು ಸರಿಸುತ್ತ ಒಂದೊಂದೇ ಕೊಕ್ಕು ಎಣಿಸಿ.

ನಮ್ಮ ಕಡೆಯವರು ಲಡಾಖಿಗೆ ಹೋಗುವುದು ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ, ರಸ್ತೆ ತೆರೆದಿರುವಾಗ. ಅದರ ಕೊನೆಯ ಭಾಗದಲ್ಲಿ ಹೊಸ ಮರಿಗಳು ಹಾರುತ್ತಿರುತ್ತವೆ, ಗೊಂದಲದ ಗಂಟು ಅಲ್ಲಿದೆ. ಕೆಂಪು ಕೊಕ್ಕಿನ ಚಫ್‌ನ ಮರಿಗೆ ಕೊಕ್ಕು ಕೆಂಪಿರುವುದಿಲ್ಲ! ಕಿತ್ತಳೆ ಬಣ್ಣ, ದೊಡ್ಡವಕ್ಕಿಂತ ಗಿಡ್ಡ. ಕಾಲು ಗುಲಾಬಿ. ಮೈಗೆ ಮಿಂಚಿಲ್ಲ, ಮಂಕು ಕಪ್ಪು. ಮೊದಲ ಶರತ್ಕಾಲದ ಹೊತ್ತಿಗೆ ಕೆಂಪೇರುತ್ತದೆ, ಅಲ್ಲಿಯವರೆಗೆ ಹಳದಿ ಕೊಕ್ಕಿನದೆಂದು ಭ್ರಮೆ ಹುಟ್ಟಿಸುತ್ತದೆ. ಆಗ ರೆಕ್ಕೆ-ಬಾಲದ ಅಳತೆಗೆ ಹಿಂತಿರುಗಿ, ಜೊತೆಗೆ ಕಾದು ನೋಡಿ: ಮರಿ ರೆಕ್ಕೆ ಅದುರಿಸುತ್ತ ಉಣಿಸು ಬೇಡುತ್ತದೆ, ಐದು-ಹತ್ತು ನಿಮಿಷದಲ್ಲಿ ತಾಯಿಯೋ ತಂದೆಯೋ ಬಂದು ಬಾಯಿಗೆ ಕೊಡುತ್ತದೆ. ಉಣಿಸಿದ ಹಕ್ಕಿಯ ಕೊಕ್ಕಿನ ಬಣ್ಣವೇ ಉತ್ತರ.

ಅಲ್ಲಿನ ಬೇರೆ ಕಪ್ಪು ಹಕ್ಕಿಗಳಲ್ಲಿ ರೇವನ್ ಎಂಬ ಹಿರಿಗಾಗೆ ಬಹಳ ದೊಡ್ಡದು, ಬಾಲ ಬೆಣೆಯಾಕಾರ, ದನಿ ಗೊಗ್ಗರು. ಮ್ಯಾಗ್‌ಪೈಗೆ ಬಿಳಿ ಹೊಟ್ಟೆ, ಉದ್ದ ಬಾಲ. ತಗ್ಗಿನ ಹೊಳೆಗಳ ಕಲ್ಲಿನ ಮೇಲೆ ಹಳದಿ ಕೊಕ್ಕಿನ ಕಡುನೀಲಿ ಹಕ್ಕಿ ಒಂಟಿಯಾಗಿ ಸಿಳ್ಳು ಹಾಕುತ್ತಿದ್ದರೆ ಅದು ಚಫ್ ಅಲ್ಲ, ನೀಲಿ ವಿಸಿಲಿಂಗ್ ಥ್ರಶ್. ಮಠಗಳ ಸುತ್ತ ಬೆಟ್ಟದ ಪಾರಿವಾಳಗಳೂ ಗುಂಪುಗುಂಪಾಗಿ ಸುತ್ತು ಹೊಡೆಯುತ್ತವೆ, ದೂರದಿಂದ ಮೋಸ. ಅವುಗಳ ರೆಕ್ಕೆ ಚೂಪು, ಬಡಿತ ಬಿರುಸು, ಬೆರಳಿಲ್ಲ.

ಫೋಟೋದ ಬಗ್ಗೆ ಒಂದೇ ಮಾತು. ಬೆಳ್ಳನೆ ಆಕಾಶದೆದುರು ಕಪ್ಪು ಹಕ್ಕಿ ಹೊಡೆದರೆ ಕ್ಯಾಮೆರಾ ಆಕಾಶಕ್ಕೆ ಹೊಂದಿಸಿಕೊಂಡು ಹಕ್ಕಿಯನ್ನು ಇನ್ನೂ ಕಪ್ಪು ಮಾಡುತ್ತದೆ, ಕೊಕ್ಕಿನ ಕೆಂಪು ಸಾಯುತ್ತದೆ. ಬೆಳಕಿನ ಹೊಂದಾಣಿಕೆಯನ್ನು (ಎಕ್ಸ್‌ಪೋಶರ್ ಕಾಂಪೆನ್ಸೇಶನ್) +1ಕ್ಕೆ ಏರಿಸಿ. ಮೊಬೈಲಿನಲ್ಲಾದರೆ ಹಕ್ಕಿಯ ಮೇಲೆ ಬೆರಳೊತ್ತಿ ಬೆಳಕಿನ ಗುರುತನ್ನು ಮೇಲಕ್ಕೆ ಎಳೆಯಿರಿ. ಆಕಾಶ ಬಿಳಿ ಪಟ್ಟಿಯಾದರೆ ಆಗಲಿ, ಕೊಕ್ಕು ಉಳಿಯಬೇಕು.

ಜವೆಗೋಧಿ ಮಾಗುವ ಕಾಲಕ್ಕೆ ಹೋದವರು ಒಂದನ್ನು ಗಮನಿಸಿ. ಹಿಮಾಲಯದ ಕೆಲವೆಡೆ ಚಫ್‌ಗಳು ಮಾಗಿದ ತೆನೆಯನ್ನು ಮುರಿದು ಕಾಳು ತಿನ್ನುತ್ತವೆ. ಜೋಳದ ಹೊಲಕ್ಕೆ ಗಿಳಿ ಬಿದ್ದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿದ ನಮ್ಮ ಮಂದಿಗೆ ಆ ರೈತರ ಸಿಟ್ಟು ಬಿಡಿಸಿ ಹೇಳಬೇಕಿಲ್ಲ. ಫೋಟೋದ ಆಸೆಗೆ ಬೆಳೆಯೊಳಗೆ ಕಾಲಿಡಬೇಡಿ, ಬದುವಿನ ಮೇಲೇ ನಿಲ್ಲಿ.

ಕಡಲಂಚಿನಲ್ಲಿ

ಮಕ್ಕಳಿರುವ ಊರಿಗೆಂದು ಬ್ರಿಟನ್, ಐರ್ಲೆಂಡಿಗೆ ಹೋಗುವವರು ಈಗ ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆಯಿಲ್ಲ. ಅಲ್ಲಿ ಹಳದಿ ಕೊಕ್ಕಿನದು ಇಲ್ಲ, ಆ ತೊಂದರೆ ತಪ್ಪಿತು. ಗೊಂದಲ ಜ್ಯಾಕ್‌ಡಾ ಎಂಬ ಸಣ್ಣ ಕಾಗೆಯ ಜೊತೆ. ಅದೂ ಬಂಡೆಯ ಸಂದಿನಲ್ಲೇ ಗೂಡು ಕಟ್ಟುತ್ತದೆ, ಗುಂಪಾಗಿ ಗಾಳಿಯಲ್ಲಿ ಆಡುತ್ತದೆ, 'ಚ್ಯಾಕ್' ಎನ್ನುತ್ತದೆ. ಹಿಂಗೊರಳು ಬೂದು, ಕಣ್ಣು ಬೆಳ್ಳಗೆ, ಕೊಕ್ಕು ಗಿಡ್ಡ ಕಪ್ಪು, ರೆಕ್ಕೆಯ ಬಡಿತ ಬೇಗಬೇಗ, ತುದಿಯಲ್ಲಿ ಬೆರಳು ಅಷ್ಟಾಗಿ ಬಿಡಿಸಿಕೊಳ್ಳುವುದಿಲ್ಲ. ಇಂಗ್ಲಿಷಿನ ಚಫ್ ಎಂಬ ಹೆಸರು ಮೊದಲು ಹುಟ್ಟಿದ್ದೇ ಈ ಜ್ಯಾಕ್‌ಡಾದ ಕೂಗಿನಿಂದ, ಆಮೇಲೆ ಕೆಂಪು ಕೊಕ್ಕಿನದಕ್ಕೆ ಅಂಟಿಕೊಂಡಿತು.

ವೇಲ್ಸ್‌ನ ಪಶ್ಚಿಮ ಕರಾವಳಿ, ಐಲ್ ಆಫ್ ಮ್ಯಾನ್, ಸ್ಕಾಟ್ಲೆಂಡಿನ ಐಲೆ ದ್ವೀಪ, ಐರ್ಲೆಂಡಿನ ಪಶ್ಚಿಮದ ಬಂಡೆಗಳಲ್ಲಿ ಸಿಗುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕಥೆ ಬೇರೆ. ಆ ಸೀಮೆಯ ಲಾಂಛನದಲ್ಲೇ ಈ ಹಕ್ಕಿಯಿದೆ, ಆದರೂ ಅಲ್ಲಿ 1947ರ ನಂತರ ಮರಿ ಮಾಡಲಿಲ್ಲ, ಉಳಿದಿದ್ದ ಕೊನೆಯ ಒಂಟಿ ಹಕ್ಕಿ 1973ರಲ್ಲಿ ಸತ್ತಿತು. 2001ರಲ್ಲಿ ಕೆಲವು ಹಕ್ಕಿಗಳು ತಾವಾಗಿಯೇ ಹಾರಿ ಬಂದವು, 2002ರಲ್ಲಿ ಲಿಜರ್ಡ್ ಎಂಬ ಭೂಶಿರದಲ್ಲಿ ಮರಿ ಮಾಡಿದವು. ಈಗ ಅಲ್ಲಿ ಮತ್ತೆ ನೆಲೆ ನಿಂತಿವೆ.

ಅಳಿದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಎಂಥವರಿಗೂ ಅರ್ಥವಾಗುವಂಥದ್ದು. ಬಂಡೆಯ ನೆತ್ತಿಯ ಹುಲ್ಲಿಗೆ ದನ ಬಿಡುವುದು ನಿಂತಿತು. ಹುಲ್ಲು ಮೊಣಕಾಲೆತ್ತರ ಬೆಳೆಯಿತು, ಮುಳ್ಳುಕಂಟಿ ಹಬ್ಬಿತು, ಮಣ್ಣಿನ ಹುಳಕ್ಕೆ ಕೊಕ್ಕು ಎಟಕದಂತಾಯಿತು. ಹಾಗಾಗಿ ಚಫ್ ಹುಡುಕುವವರು ಮೊದಲು ಹುಡುಕಬೇಕಾದದ್ದು ಮೇದ ಹುಲ್ಲು. ಕಡಿದಾದ ಬಂಡೆಯಿದ್ದು ಮೇಲೆ ಎತ್ತರದ ಹುಲ್ಲಿದ್ದರೆ ಮುಂದಿನ ಜಾಗಕ್ಕೆ ನಡೆಯಿರಿ. ಗಿಡ್ಡ ಹುಲ್ಲು, ಅಲ್ಲಲ್ಲಿ ಹೆಂಡಿ, ಹೆಂಡಿ ಮಗುಚಿದ ಗುರುತು, ಮಣ್ಣಿನಲ್ಲಿ ಬೆರಳು ಹೊಗುವಷ್ಟು ಸಣ್ಣ ತೂತುಗಳು ಕಂಡರೆ ಅಲ್ಲಿ ಕೂತು ಅರ್ಧ ಗಂಟೆ ಕಾಯಬಹುದು. ದನಗಳಿಗೆ ಹಾಕುವ ಕೆಲವು ಜಂತುನಾಶಕ ಔಷಧಿಗಳು ಹೆಂಡಿಯಲ್ಲಿ ಉಳಿದು ಅದರಲ್ಲಿ ಬೆಳೆಯುವ ಹುಳಗಳನ್ನು ಕೊಲ್ಲುತ್ತವೆ. ಮೇದ ಹುಲ್ಲಿದ್ದೂ ಚಫ್ ಬಾರದಿರಲು ಅದೂ ಒಂದು ಕಾರಣವಾಗುತ್ತದೆ. ಇದು ಕಡಲಾಚೆಯ ಸಂಗತಿಯಷ್ಟೇ ಅಲ್ಲ. ನಮ್ಮ ಹೊಲದ ಹೆಂಡಿಯಲ್ಲಿ ಹುಳ ಆರಿಸಿ ತಿನ್ನುವ ಹಕ್ಕಿಗಳಿಗೂ ಲೆಕ್ಕ ಒಂದೇ.

ಮಾರ್ಚಿನಿಂದ ಜುಲೈವರೆಗೆ ಗೂಡಿನ ಕಾಲ. ಗವಿಯ ಬಾಯಿಗೆ ನೇರ ಎದುರು ನಿಲ್ಲಬೇಡಿ. ಹಕ್ಕಿ ನಿಮ್ಮ ಸುತ್ತ ಕೂಗುತ್ತ ಸುತ್ತು ಹೊಡೆಯಲು ತೊಡಗಿದರೆ ನೀವು ಗೂಡಿಗೆ ತೀರ ಹತ್ತಿರ ಬಂದಿದ್ದೀರಿ ಎಂದರ್ಥ, ಹಿಂದಕ್ಕೆ ಸರಿಯಿರಿ. ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಕಾಯ್ದೆಯಡಿ ಗೂಡಿನಲ್ಲಿರುವ ಚಫ್‌ಗೆ ತೊಂದರೆ ಕೊಡುವುದು ಅಪರಾಧ. ಬಂಡೆಯ ಅಂಚು ತೇವಕ್ಕೆ ಸಡಿಲಿರುತ್ತದೆ, ದುರ್ಬೀನಿನಲ್ಲಿ ಕಣ್ಣಿಟ್ಟು ಹೆಜ್ಜೆ ಹಾಕಬಾರದು. ನಿಂತು ನೋಡಿ, ದುರ್ಬೀನು ಇಳಿಸಿ, ಆಮೇಲೆ ನಡೆಯಿರಿ.

ಒಂದೊಂದು ಹಕ್ಕಿಯನ್ನೂ ಬೇರೆಯಾಗಿ ಗುರುತಿಸಲೆಂದು ಅಲ್ಲಿನ ಅನೇಕ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ಹಾಕಿರುತ್ತಾರೆ. ಕಂಡರೆ ಬಿಡದೆ ಬರೆಯಿರಿ: ಎಡ-ಬಲ ಎಂದರೆ ಹಕ್ಕಿಯ ಎಡ-ಬಲ, ನಿಮ್ಮದಲ್ಲ. ಹಕ್ಕಿ ನಿಮಗೆ ಮುಖ ಮಾಡಿ ನಿಂತಿದ್ದರೆ ಅದರ ಎಡಗಾಲು ನಿಮ್ಮ ಬಲಕ್ಕೆ ಬರುತ್ತದೆ, ಬಹಳ ಮಂದಿ ಎಡವುವುದು ಇಲ್ಲಿ. ಪ್ರತಿ ಕಾಲಿನಲ್ಲೂ ಮೇಲಿನಿಂದ ಕೆಳಕ್ಕೆ ಬಣ್ಣಗಳನ್ನು ಬರೆಯಿರಿ. ಕಾಲೇ ಕೆಂಪಾದ್ದರಿಂದ ಕೆಂಪು ಉಂಗುರ ಕಣ್ಣು ತಪ್ಪಿಸುತ್ತದೆ, ಉಂಗುರವಿಲ್ಲವೆಂದು ಬರೆಯುವ ಮೊದಲು ಎರಡು ಸಲ ನೋಡಿ.

ಟಿಪ್ಪಣಿಯಲ್ಲಿ ದಿನಾಂಕ, ಹೊತ್ತು, ಜಾಗ, ಎತ್ತರ, ಎಷ್ಟು ಹಕ್ಕಿ, ಎಷ್ಟರ ಕೊಕ್ಕು ಕಣ್ಣಾರೆ ಕಂಡಿತು, ಎಷ್ಟನ್ನು ಕೂಗಿನಿಂದ ಮಾತ್ರ ತಿಳಿದಿರಿ, ಇವನ್ನು ಬೇರೆಬೇರೆಯಾಗಿ ಬರೆಯಿರಿ. ಲಡಾಖಿನ ಗುಂಪಿನಲ್ಲಿ 60 ಹಕ್ಕಿಯಿದ್ದು 22ರ ಕೊಕ್ಕು ಕೆಂಪು, 9ರದ್ದು ಹಳದಿ ಎಂದು ಕಂಡಿದ್ದರೆ, ಉಳಿದ 29ನ್ನು ಯಾವ ಕಡೆಗೂ ಹಂಚಬೇಡಿ. 'ಚಫ್, ಯಾವುದೆಂದು ತಿಳಿಯಲಿಲ್ಲ' ಎಂಬ ಸಾಲಿನಲ್ಲಿ ಹಾಕಿ. ಕಂಡ ಹಕ್ಕಿಗಳನ್ನು ದಾಖಲಿಸುವ ಈ-ಬರ್ಡ್‌ನಂಥ ಆನ್‌ಲೈನ್ ಪಟ್ಟಿಗಳಲ್ಲಿ ಅದಕ್ಕೆಂದೇ ಎರಡೂ ಚಫ್‌ಗಳ ಹೆಸರು ಜೊತೆಗಿರುವ ಒಂದು ಸಾಲು ಇರುತ್ತದೆ.